ಇರುವುದೋ, ಹೊರಡುವುದೋ? ತಮ್ಮ ಸುದ್ದಿ ತಾವೇ ಬರೆದವರ ಕಥೆ

ಒಂದು ಹಳ್ಳಿಯ ಹೆಸರು ರಾಜ್ಯಮಟ್ಟದ ಪತ್ರಿಕೆಯಲ್ಲಿ ಯಾವಾಗ ಬರುತ್ತದೆ? ಕೊಲೆಯಾದಾಗ, ಕೆರೆ ಒಡೆದಾಗ, ಇಲ್ಲವೇ ಚುನಾವಣೆಗೆ ಯಾರೋ ದೊಡ್ಡವರು ಬಂದು ಹೋದಾಗ. ಆ ಊರಿನವರು ತಮ್ಮ ತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಿದ್ದಾರೆ, ಯಾವುದಕ್ಕೆ ಹೆದರಿದ್ದಾರೆ, ಹೊಲ ಮಾರಿ ಬೆಂಗಳೂರಿಗೆ ಹೋಗುವುದೋ ಇಲ್ಲೇ ಇರುವುದೋ ಎಂದು ಎಷ್ಟು ಮನೆಗಳಲ್ಲಿ ಜಗಳ ನಡೆದಿದೆ ಎಂಬುದು ಅಲ್ಲಿ ಬರುವುದಿಲ್ಲ.

ದೂರದ ದೇಶಗಳ ಬಗ್ಗೆ ನಮಗೆ ತಲುಪುವ ಸುದ್ದಿಯೂ ಹೀಗೇ ಇರುತ್ತದೆ. ಅಮೆರಿಕ ಎಂದರೆ ಅಧ್ಯಕ್ಷರು ಮತ್ತು ಡಾಲರ್. ಆಫ್ರಿಕಾ ಎಂದರೆ ಬರ ಮತ್ತು ಯುದ್ಧ. ಅಲ್ಲಿಯ ಜನ ಒಬ್ಬರಿಗೊಬ್ಬರು ಆಡಿಕೊಂಡ ಮಾತು ಕೇಳಬೇಕೆಂದರೆ ಆ ಜನರೇ ನಡೆಸಿದ ಪತ್ರಿಕೆಗಳನ್ನು ಹುಡುಕಬೇಕು. ಒಂದು ಭಾಷೆಯ, ಒಂದು ಬುಡಕಟ್ಟಿನ, ವಲಸೆ ಬಂದ ಒಂದು ಸಮುದಾಯದ ಸಣ್ಣ ಪತ್ರಿಕೆಗಳವು. ಇವುಗಳಿಗೆ ಇನ್ನೂರು ವರ್ಷಗಳ ಇತಿಹಾಸ ಇದೆ. ಹಳೆಯ ಸಂಚಿಕೆಗಳಲ್ಲಿ ಅನೇಕವು ಈಗ ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೇ ಓದಲು ಸಿಗುತ್ತವೆ.

ಅಂಥ ಐದು ಪತ್ರಿಕೆಗಳ ಕಥೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ. ಐದರಲ್ಲೂ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಕಾಣುತ್ತದೆ: ಈ ನೆಲದಲ್ಲಿ ನಾವು ಇರಬೇಕೋ, ಹೊರಡಬೇಕೋ?

ಎಂಬತ್ತಾರು ಅಕ್ಷರಗಳು

ಅಮೆರಿಕದ ಆಗ್ನೇಯ ಭಾಗದ ಬೆಟ್ಟಗಳಲ್ಲಿ ಚೆರೋಕಿ ಎಂಬ ಮೂಲನಿವಾಸಿಗಳು ವಾಸವಾಗಿದ್ದರು. ಅವರ ಭಾಷೆಗೆ ಲಿಪಿ ಇರಲಿಲ್ಲ. ಸಿಕ್ವೋಯಾ ಎಂಬ ಒಬ್ಬ ಬೆಳ್ಳಿ ಕೆಲಸದವ ಬಿಳಿಯರು ಕಾಗದದ ಮೇಲೆ ಗೀಚಿ ದೂರದವರ ಜೊತೆ ಮಾತಾಡುವುದನ್ನು ನೋಡಿ ತನ್ನ ಭಾಷೆಗೂ ಒಂದು ಬರವಣಿಗೆ ಬೇಕೆಂದು ಹಟ ಹಿಡಿದ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ವರ್ಷಗಟ್ಟಲೆ ಒದ್ದಾಡಿ 1821ರ ಸುಮಾರಿಗೆ 86 ಚಿಹ್ನೆಗಳ ಒಂದು ಲಿಪಿ ಮಾಡಿದ. ನಮ್ಮ ಕಾಗುಣಿತದ ಹಾಗೆ ಅದರಲ್ಲೂ ಒಂದು ಚಿಹ್ನೆಗೆ ಒಂದು ಪೂರ್ಣ ಉಚ್ಚಾರ. ಆದರೆ ನಮ್ಮಲ್ಲಿ 'ಕ' ಇಟ್ಟುಕೊಂಡು ಕೊಂಬು, ಗುಡಿಸು ಹಚ್ಚಿ 'ಕು', 'ಕಿ' ಮಾಡುತ್ತೇವೆ. ಅಲ್ಲಿ ಪ್ರತಿ ಉಚ್ಚಾರಕ್ಕೂ ಬೇರೆಯದೇ ಚಿಹ್ನೆ. ಮೊದಲು ಮಗಳಿಗೆ ಕಲಿಸಿದ. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಓದು ಬರಹ ಕಲಿತರು. 1825ರಲ್ಲಿ ಚೆರೋಕಿ ಆಡಳಿತ ಅದನ್ನು ತನ್ನ ಅಧಿಕೃತ ಲಿಪಿಯಾಗಿ ಒಪ್ಪಿತು.

ಮುಂದಿನ ಹೆಜ್ಜೆ ಪತ್ರಿಕೆ. ಎಲಿಯಾಸ್ ಬೌಡಿನಾಟ್ ಎಂಬ ಓದಿದ ಚೆರೋಕಿ ಯುವಕ ಊರೂರು ಸುತ್ತಿ ಭಾಷಣ ಮಾಡಿ ಚಂದಾ ಎತ್ತಿದ. ಸ್ಯಾಮ್ಯುಯೆಲ್ ವೂಸ್ಟರ್ ಎಂಬ ಪಾದ್ರಿ ಜೊತೆಯಾದರು. ಹೊಸ ಲಿಪಿಗೆ ಬಾಸ್ಟನ್ ನಗರದಲ್ಲಿ ಅಚ್ಚುಮೊಳೆ ಎರಕ ಹೊಯ್ಯಿಸಿದರು. 1828ರ ಫೆಬ್ರವರಿ 21ರಂದು ನ್ಯೂ ಎಕೋಟಾ ಎಂಬ ಚೆರೋಕಿ ರಾಜಧಾನಿಯಿಂದ 'ಚೆರೋಕಿ ಫೀನಿಕ್ಸ್' ಹೊರಬಂತು. ಅಮೆರಿಕದ ಮೂಲನಿವಾಸಿಗಳ ಮೊದಲ ಪತ್ರಿಕೆ ಅದು. ಇಂಗ್ಲಿಷ್ ಮತ್ತು ಚೆರೋಕಿ ಎರಡೂ ಭಾಷೆಗಳಲ್ಲಿ ಅಚ್ಚಾಗುತ್ತಿತ್ತು. ವರ್ಷಕ್ಕೆ ಮುಂಗಡ ಚಂದಾ ಎರಡೂವರೆ ಡಾಲರ್. ಚೆರೋಕಿ ಮಾತ್ರ ಓದಬಲ್ಲವರಿಗೆ ಎರಡೇ ಡಾಲರ್.

ನಮ್ಮ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದು ಇದಾದ 15 ವರ್ಷಗಳ ಮೇಲೆ, 1843ರ ಜುಲೈ 1ರಂದು. ಹೊರತಂದವರು ಹರ್ಮನ್ ಮೋಗ್ಲಿಂಗ್, ಜರ್ಮನಿಯಿಂದ ಬಂದ ಪಾದ್ರಿ. ಕಲ್ಲಚ್ಚಿನಲ್ಲಿ ಮುದ್ರಣ. ಸಾವಿರ ವರ್ಷದ ಬರವಣಿಗೆ ಇದ್ದ ಕನ್ನಡಕ್ಕಿಂತ ಏಳು ವರ್ಷದ ಹಿಂದಷ್ಟೇ ಲಿಪಿ ಹುಟ್ಟಿದ್ದ ಒಂದು ಭಾಷೆ ಪತ್ರಿಕೆಯ ವಿಷಯದಲ್ಲಿ ಮುಂದಿತ್ತು. ಅಲ್ಲಿ ಸಂಪಾದಕನೂ ಅವರವನೇ ಆಗಿದ್ದ.

ಇಷ್ಟು ಅವಸರ ಏಕೆ? ಚೆರೋಕಿಗಳ ನೆಲದ ಮೇಲೆ ಜಾರ್ಜಿಯಾ ರಾಜ್ಯದ ಕಣ್ಣು ಬಿದ್ದಿತ್ತು. ಪತ್ರಿಕೆ ಶುರುವಾದ ಹೊತ್ತಿಗೇ ಆ ಭಾಗದಲ್ಲಿ ಚಿನ್ನವೂ ಸಿಕ್ಕಿತು. ಚೆರೋಕಿಗಳು ಕಾಡುಜನ, ಅವರಿಗೆ ಭೂಮಿಯ ಬೆಲೆ ಗೊತ್ತಿಲ್ಲ, ಅವರನ್ನು ಮಿಸಿಸಿಪ್ಪಿ ನದಿಯ ಆಚೆ ಸಾಗಿಸುವುದೇ ಒಳ್ಳೆಯದು ಎಂಬ ಮಾತು ಬಿಳಿಯರ ಸಭೆಗಳಲ್ಲಿ ನಡೆಯುತ್ತಿತ್ತು. 'ಫೀನಿಕ್ಸ್' ಇದಕ್ಕೆ ಬೈಗುಳದಿಂದ ಉತ್ತರ ಕೊಡಲಿಲ್ಲ. 1827ರಲ್ಲಿ ತಾವೇ ಬರೆದುಕೊಂಡ ಸಂವಿಧಾನವನ್ನು ಅಚ್ಚು ಹಾಕಿತು. ತಮ್ಮ ಕಾನೂನುಗಳನ್ನು ಹಾಕಿತು. ಆ ಕಾಲದ ಪತ್ರಿಕೆಗಳು ಅಂಚೆಯಲ್ಲಿ ಒಬ್ಬರಿಗೊಬ್ಬರು ಸಂಚಿಕೆ ಕಳಿಸಿ ಸುದ್ದಿ ಹಂಚಿಕೊಳ್ಳುತ್ತಿದ್ದವು. ಇಂದಿನ 'ಫಾರ್ವರ್ಡ್' ಇದ್ದ ಹಾಗೆ. ಈ ದಾರಿಯಿಂದ ಚೆರೋಕಿಗಳ ಮಾತು ದೂರದ ನಗರಗಳನ್ನೂ ತಲುಪಿತು.

1830ರಲ್ಲಿ ಅಮೆರಿಕದ ಸಂಸತ್ತು ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾಯ್ದೆ ಮಾಡಿತು. ಚೆರೋಕಿ ನೆಲದಲ್ಲಿ ವಾಸಿಸುವ ಬಿಳಿಯರು ಜಾರ್ಜಿಯಾಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆ ರಾಜ್ಯ ಕಾನೂನು ತಂದಿತು. ಪಾದ್ರಿ ವೂಸ್ಟರ್ ಒಪ್ಪಲಿಲ್ಲ. ಅವರಿಗೆ ನಾಲ್ಕು ವರ್ಷ ಕಠಿಣ ಸಜೆಯಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1832ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟರು. ಚೆರೋಕಿಗಳು ಗೆದ್ದರು. ಆದರೆ ಆ ತೀರ್ಪು ಚೆರೋಕಿಗಳ ನೆಲವನ್ನು ಉಳಿಸಲಿಲ್ಲ. ಅದೇ ವರ್ಷ ಜಾರ್ಜಿಯಾ ಅವರ ಭೂಮಿಯನ್ನು ಲಾಟರಿ ಎತ್ತಿ ಬಿಳಿಯರಿಗೆ ಹಂಚಿತು.

ಪತ್ರಿಕೆಯೊಳಗಿನ ಬಿರುಕು

ಕೋರ್ಟಿನಲ್ಲಿ ಗೆದ್ದರೂ ನೆಲ ಉಳಿಯುವುದಿಲ್ಲ ಎಂದು ಸಂಪಾದಕ ಬೌಡಿನಾಟ್‌ಗೆ ಅನಿಸಿತು. ಒಳ್ಳೆಯ ಷರತ್ತು ಸಿಕ್ಕುವಾಗಲೇ ಹೊರಡೋಣ ಎಂಬುದು ಅವನ ವಾದ. ಇಲ್ಲೇ ಇರೋಣ, ಕದಲುವುದಿಲ್ಲ ಎಂಬುದು ಮುಖ್ಯಸ್ಥ ಜಾನ್ ರಾಸ್ ಮತ್ತು ಬಹುಪಾಲು ಜನರ ನಿಲುವು. ಈ ಚರ್ಚೆ ಪತ್ರಿಕೆಯಲ್ಲಿ ಬರಲಿ ಎಂದು ಬೌಡಿನಾಟ್ ಕೇಳಿದ. ನಮ್ಮಲ್ಲಿ ಒಡಕಿದೆ ಎಂದು ಶತ್ರುವಿಗೆ ಗೊತ್ತಾಗಬಾರದು ಎಂದು ರಾಸ್ ಬಿಡಲಿಲ್ಲ. 1832ರಲ್ಲಿ ಬೌಡಿನಾಟ್ ಕೆಲಸ ಬಿಟ್ಟ. 1834ರ ಮೇ ತಿಂಗಳಲ್ಲಿ ಪತ್ರಿಕೆಯೇ ನಿಂತಿತು. ಮರುವರ್ಷ ಜಾರ್ಜಿಯಾದ ಪಡೆ ಬಂದು ಅಚ್ಚುಯಂತ್ರವನ್ನು ಹೊತ್ತೊಯ್ದಿತು.

1835ರ ಡಿಸೆಂಬರಿನಲ್ಲಿ ಸಣ್ಣದೊಂದು ಗುಂಪು ಬೌಡಿನಾಟ್‌ನ ಮನೆಯಲ್ಲಿ ಸೇರಿ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಬಹುಪಾಲು ಚೆರೋಕಿಗಳ ಒಪ್ಪಿಗೆ ಅದಕ್ಕಿರಲಿಲ್ಲ. 1838ರಿಂದ 39ರವರೆಗೆ ಸುಮಾರು 16,000 ಜನರನ್ನು ಪಶ್ಚಿಮಕ್ಕೆ ಹೊರಡಿಸಿದರು. ಶಿಬಿರಗಳಲ್ಲಿ, ದಾರಿಯಲ್ಲಿ, ಚಳಿ ಮತ್ತು ರೋಗಕ್ಕೆ ಸುಮಾರು 4,000 ಜನ ಸತ್ತರೆಂದು ಅಂದಾಜು. ಅಮೆರಿಕದ ಇತಿಹಾಸದಲ್ಲಿ ಅದಕ್ಕೆ 'ಕಣ್ಣೀರಿನ ಹಾದಿ' ಎಂದು ಹೆಸರು. 1839ರ ಜೂನ್ 22ರಂದು ಹೊಸ ನಾಡಿನಲ್ಲಿ ಸ್ವಜನರೇ ಬೌಡಿನಾಟ್‌ನನ್ನು ಕೊಂದರು.

ಚೆರೋಕಿಗಳು 1844ರಲ್ಲಿ ಹೊಸ ನಾಡಿನ ಟಾಲೆಕ್ವಾ ಪಟ್ಟಣದಿಂದ ಮತ್ತೆ ಪತ್ರಿಕೆ ಶುರು ಮಾಡಿದರು. 'ಚೆರೋಕಿ ಫೀನಿಕ್ಸ್' ಎಂಬ ಹೆಸರಿನಲ್ಲೇ ಇಂದಿಗೂ ಅಲ್ಲಿಂದ ಪತ್ರಿಕೆ ಮತ್ತು ವೆಬ್‌ಸೈಟ್ ನಡೆಯುತ್ತಿವೆ.

ಬೌಡಿನಾಟ್ ದ್ರೋಹಿಯೋ, ಮುಂದಿನದನ್ನು ಕಂಡವನೋ? ಚೆರೋಕಿಗಳು ಈ ಪ್ರಶ್ನೆಯನ್ನು ಇನ್ನೂ ಚರ್ಚಿಸುತ್ತಾರೆ. ನಮಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಹೊರಗಿನವರ ಪತ್ರಿಕೆ ಆ ಜನರ ಮಾತನ್ನು ಮುಚ್ಚಿಟ್ಟಿತು. ಅವರದೇ ಪತ್ರಿಕೆ ಅವರೊಳಗಿನ ಭಿನ್ನಮತವನ್ನು ಮುಚ್ಚಿಟ್ಟಿತು. ಸಮುದಾಯದ ಪತ್ರಿಕೆ ಓದುವಾಗ ಎರಡನ್ನೂ ನೆನಪಿಡಬೇಕು.

ನ್ಯೂಯಾರ್ಕಿನಲ್ಲಿ ಅದೇ ಜಗಳ

'ಫೀನಿಕ್ಸ್' ಹುಟ್ಟುವುದಕ್ಕೆ ಹನ್ನೊಂದು ತಿಂಗಳ ಮುಂಚೆ, 1827ರ ಮಾರ್ಚ್ 16ರಂದು, ನ್ಯೂಯಾರ್ಕಿನಲ್ಲಿ 'ಫ್ರೀಡಮ್ಸ್ ಜರ್ನಲ್' ಎಂಬ ವಾರಪತ್ರಿಕೆ ಶುರುವಾಯಿತು. ಕಪ್ಪು ಜನರೇ ಒಡೆಯರಾಗಿ ನಡೆಸಿದ ಅಮೆರಿಕದ ಮೊದಲ ಪತ್ರಿಕೆ ಇದು. ಸಂಪಾದಕರು ಸ್ಯಾಮ್ಯುಯೆಲ್ ಕಾರ್ನಿಶ್ ಮತ್ತು ಜಾನ್ ರಸ್‌ವರ್ಮ್. ನಮ್ಮ ಪರವಾಗಿ ಬೇರೆಯವರು ಮಾತಾಡಿದ್ದು ಸಾಕು, ನಮ್ಮ ಅಹವಾಲು ನಾವೇ ಹೇಳಿಕೊಳ್ಳುತ್ತೇವೆ ಎಂಬುದು ಅವರ ಮೊದಲ ಸಂಪಾದಕೀಯದ ಸಾರ. ಆ ವರ್ಷ ಜುಲೈ 4ಕ್ಕೆ ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಯಾಗುವುದಿತ್ತು. ದಕ್ಷಿಣದ ರಾಜ್ಯಗಳಲ್ಲಿ ಅದು ಇನ್ನೂ ಮೂರು ದಶಕಕ್ಕಿಂತ ಹೆಚ್ಚು ಕಾಲ ನಡೆಯಿತು.

ಆ ಪತ್ರಿಕೆಯಲ್ಲಿ ಮದುವೆ, ಸಾವಿನ ಸುದ್ದಿ ಇರುತ್ತಿತ್ತು. ಹೈಟಿ ದೇಶದ, ಆಫ್ರಿಕಾದ ಸುದ್ದಿ ಇರುತ್ತಿತ್ತು. ಬಿಳಿಯರ ಪತ್ರಿಕೆಗಳಲ್ಲಿ ಕಪ್ಪು ಜನ ಕಾಣಿಸಿಕೊಳ್ಳುತ್ತಿದ್ದದ್ದು ಕಳ್ಳತನದ ಸುದ್ದಿಯಲ್ಲೋ, ಗೇಲಿಯಲ್ಲೋ. ಇಲ್ಲಿ ಅವರು ಅಪ್ಪ, ಅಮ್ಮ, ಶಾಲೆಯ ಮಕ್ಕಳಾಗಿ ಕಂಡರು.

ಇಲ್ಲೂ ಬಿರುಕು ಬಿದ್ದದ್ದು ಅದೇ ಪ್ರಶ್ನೆಯ ಮೇಲೆ. ಬಿಡುಗಡೆಯಾದ ಕಪ್ಪು ಜನರನ್ನು ಆಫ್ರಿಕಾದ ಲೈಬೀರಿಯಾಕ್ಕೆ ಕಳಿಸಬೇಕೆಂಬ ಯೋಜನೆ ಆಗ ನಡೆದಿತ್ತು. ಕಾರ್ನಿಶ್ ಅದಕ್ಕೆ ವಿರೋಧಿ. ರಸ್‌ವರ್ಮ್ ಕ್ರಮೇಣ ಅದರ ಪರ ವಾಲಿದರು. ಓದುಗರು ಸಿಟ್ಟಾದರು. 1829ರಲ್ಲಿ ಪತ್ರಿಕೆ ನಿಂತಿತು, ರಸ್‌ವರ್ಮ್ ಲೈಬೀರಿಯಾಕ್ಕೆ ಹೊರಟರು. ಕಾರ್ನಿಶ್ ಅಮೆರಿಕದಲ್ಲೇ ಉಳಿದು ಬೇರೆ ಪತ್ರಿಕೆ ತೆರೆದರು.

ಈ ಎರಡೂ ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ನೆಲಕ್ಕಾಗಿ ಹೋರಾಡುತ್ತಿದ್ದ ಚೆರೋಕಿಗಳಲ್ಲೇ ಉಳ್ಳವರು ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಒಂದೇ ಪತ್ರಿಕೆ ಓದಿದವರಿಗೆ ಚೆರೋಕಿಗಳು ಬರೀ ನೊಂದವರಾಗಿ ಕಾಣುತ್ತಾರೆ. ಎರಡು ಓದಿದವರಿಗೆ ಪೂರ್ತಿ ಮನುಷ್ಯರಾಗಿ ಕಾಣುತ್ತಾರೆ.

ರೈಲಿನಲ್ಲಿ ಬಂದ ಪತ್ರಿಕೆ

ಇರುವುದೋ ಹೊರಡುವುದೋ ಎಂಬುದಕ್ಕೆ 'ಹೊರಡಿ' ಎಂದು ಗಟ್ಟಿಯಾಗಿ ಹೇಳಿದ ಪತ್ರಿಕೆಯೂ ಒಂದಿದೆ. 1905ರಲ್ಲಿ ಷಿಕಾಗೊ ನಗರದಲ್ಲಿ ರಾಬರ್ಟ್ ಅಬಟ್ ಎಂಬವರು 25 ಸೆಂಟು ಬಂಡವಾಳದಲ್ಲಿ 300 ಪ್ರತಿ ಅಚ್ಚು ಹಾಕಿಸಿ 'ಷಿಕಾಗೊ ಡಿಫೆಂಡರ್' ಶುರು ಮಾಡಿದರು. ಅವರು ಹುಟ್ಟಿದ್ದು ಜಾರ್ಜಿಯಾದಲ್ಲಿ, ಚೆರೋಕಿಗಳನ್ನು ಹೊರಹಾಕಿದ ಅದೇ ರಾಜ್ಯದಲ್ಲಿ.

ದಕ್ಷಿಣದಲ್ಲಿ ಗುಲಾಮಗಿರಿ ಹೋಗಿದ್ದರೂ ಕಪ್ಪು ಜನರನ್ನು ಗುಂಪು ಸೇರಿ ಹೊಡೆದು ಕೊಲ್ಲುವುದು ನಡೆದೇ ಇತ್ತು. ಅಲ್ಲಿಯ ಪತ್ರಿಕೆಗಳು ಅದನ್ನು ಬರೆಯುತ್ತಿರಲಿಲ್ಲ, ಬರೆದರೂ ಕೊಂದವರ ಪರ. 'ಡಿಫೆಂಡರ್' ಹೆಸರು, ಊರು ಹಾಕಿ ಬರೆಯಿತು. ಇದನ್ನು ದಕ್ಷಿಣದ ಹಳ್ಳಿಗಳಿಗೆ ತಲುಪಿಸಿದವರು ರೈಲಿನ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸಿ, ಸಾಮಾನು ಹೊರುತ್ತಿದ್ದ ಕಪ್ಪು ನೌಕರರು. ಕಟ್ಟುಗಳನ್ನು ಬೋಗಿಯಲ್ಲಿ ಅಡಗಿಸಿ ಒಯ್ಯುತ್ತಿದ್ದರು. ಕೆಲವು ಊರುಗಳಲ್ಲಿ ಈ ಪತ್ರಿಕೆ ಹಿಡಿದಿದ್ದರೆ ಪೊಲೀಸರು ಕಸಿದುಕೊಳ್ಳುತ್ತಿದ್ದರು. ಒಂದು ಪ್ರತಿ ಹತ್ತು ಕೈ ದಾಟುತ್ತಿತ್ತು. ಓದಲು ಬಾರದವರಿಗೆ ಕ್ಷೌರದಂಗಡಿಯಲ್ಲಿ, ಚರ್ಚಿನಲ್ಲಿ ಓದಿ ಹೇಳುತ್ತಿದ್ದರು. ನಮ್ಮ ಹೋಟೆಲು ಕಟ್ಟೆಯಲ್ಲಿ ಒಬ್ಬ ಓದಿ ಎಂಟು ಜನ ಕೇಳುತ್ತಿದ್ದ ಹಾಗೆ.

ಮೊದಲು ಅಬಟ್ ದಕ್ಷಿಣದ ಜನ ಅಲ್ಲೇ ಇರಲಿ ಎನ್ನುತ್ತಿದ್ದರು. ಮೊದಲ ಮಹಾಯುದ್ಧದಿಂದಾಗಿ ಉತ್ತರದ ಕಾರ್ಖಾನೆಗಳಿಗೆ ಕೆಲಸಗಾರರ ಬರ ಬಂತು. 1916ರ ಹೊತ್ತಿಗೆ ಪತ್ರಿಕೆಯ ಮಾತು ಬದಲಾಯಿತು. ಉತ್ತರಕ್ಕೆ ಬನ್ನಿ ಎಂದು ಕರೆ ಕೊಟ್ಟಿತು, ಕೆಲಸದ ಜಾಹೀರಾತು, ರೈಲಿನ ವೇಳೆ ಹಾಕಿತು. 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಹೊರಟರು. ಇದಕ್ಕೆ ಪತ್ರಿಕೆಯೊಂದೇ ಕಾರಣವಲ್ಲ, ಆದರೆ ಮೊದಲ ಅಲೆಯಲ್ಲಿ ಅದರ ಪಾಲು ದೊಡ್ಡದು.

ಉತ್ತರ ಸ್ವರ್ಗವೇನೂ ಆಗಿರಲಿಲ್ಲ. 1919ರ ಜುಲೈನಲ್ಲಿ ಷಿಕಾಗೊದಲ್ಲೇ ಗಲಭೆ ನಡೆದು 38 ಜನ ಸತ್ತರು. ಅವರಲ್ಲಿ 23 ಜನ ಕಪ್ಪು ಜನರು. ಪೇಟೆಗೆ ಬಂದವರಿಗೆ ಕೂಲಿ ಸಿಕ್ಕಿತು, ಬಾಡಿಗೆಗೆ ಮನೆ ಸಿಗಲಿಲ್ಲ. ಹಳ್ಳಿ ಬಿಟ್ಟು ನಗರ ಸೇರಿದವರ ಈ ಅನುಭವ ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಿಲ್ಲ.

ಒಂದೇ ಅಚ್ಚುಕೂಟ, ಎರಡು ಪತ್ರಿಕೆ

ಇನ್ನು ದಕ್ಷಿಣ ಆಫ್ರಿಕಾ. 1860ರಿಂದ 1911ರವರೆಗೆ ಭಾರತದಿಂದ ಸುಮಾರು ಒಂದೂವರೆ ಲಕ್ಷ ಜನರನ್ನು ಕಬ್ಬಿನ ತೋಟದ ಕೂಲಿಗೆಂದು ಕರಾರು ಬರೆಸಿ ನಟಾಲ್ ಪ್ರಾಂತಕ್ಕೆ ಒಯ್ದರು. ಕರಾರು ಮುಗಿದ ಮೇಲೆ ಅವರು ಅಲ್ಲೇ ಉಳಿಯುವುದು ಬಿಳಿಯರಿಗೆ ಬೇಡವಾಗಿತ್ತು. ಉಳಿದವರು ವರ್ಷಕ್ಕೆ 3 ಪೌಂಡ್ ತೆರಿಗೆ ಕಟ್ಟಬೇಕು ಎಂದು ಕಾನೂನಾಯಿತು. ಕೂಲಿಯವನಿಗೆ ಅದು ತಿಂಗಳುಗಟ್ಟಲೆ ದುಡಿಮೆ. ಊರಿಗೆ ಹೋಗು, ಇಲ್ಲವೇ ಮತ್ತೆ ಕೂಲಿಗೆ ಸಹಿ ಹಾಕು ಎಂಬುದು ಅದರ ಅರ್ಥ.

1903ರ ಜೂನ್ 4ರಂದು ಡರ್ಬನ್ ನಗರದಲ್ಲಿ 'ಇಂಡಿಯನ್ ಒಪಿನಿಯನ್' ಹುಟ್ಟಿತು. ಹಿಂದಿದ್ದವರು ಗಾಂಧೀಜಿ. ಅಚ್ಚುಕೂಟ ಮದನಜಿತ್ ವ್ಯಾವಹಾರಿಕ್ ಅವರದು, ಮೊದಲ ಸಂಪಾದಕರು ಮನಸುಖಲಾಲ್ ನಾಜರ್. ಗುಜರಾತಿ, ಹಿಂದಿ, ತಮಿಳು, ಇಂಗ್ಲಿಷ್, ಹೀಗೆ ನಾಲ್ಕು ಭಾಷೆಗಳಲ್ಲಿ ಶುರುವಾಯಿತು. ಮರುವರ್ಷ ಪತ್ರಿಕೆ ಡರ್ಬನ್ ಹೊರಗಿನ ಆಶ್ರಮಕ್ಕೆ ಹೋಯಿತು. ಆ ಜಾಗದ ಹೆಸರೂ ಫೀನಿಕ್ಸ್! ಹೋರಾಟಕ್ಕೆ ಒಂದು ಹೆಸರು ಬೇಕು ಎಂದು ಪತ್ರಿಕೆಯಲ್ಲಿ ಸ್ಪರ್ಧೆ ಇಟ್ಟರು. ಮಗನಲಾಲ್ ಗಾಂಧಿ 'ಸದಾಗ್ರಹ' ಎಂದು ಸೂಚಿಸಿದರು. ಗಾಂಧೀಜಿ ಅದನ್ನು ತಿದ್ದಿ 'ಸತ್ಯಾಗ್ರಹ' ಮಾಡಿದರು. 3 ಪೌಂಡ್ ತೆರಿಗೆ 1914ರಲ್ಲಿ ರದ್ದಾಯಿತು. ಪತ್ರಿಕೆ 1961ರವರೆಗೆ ನಡೆಯಿತು.

ಅದೇ 1903ರಲ್ಲಿ, ಅದೇ ಪ್ರಾಂತದಲ್ಲಿ, ಜಾನ್ ಡುಬೆ ಎಂಬ ಜುಲು ಶಿಕ್ಷಕರು 'ಇಲಂಗಾ ಲಾಸೆ ನಟಾಲ್' ಎಂಬ ಪತ್ರಿಕೆ ತೆರೆದರು. ಹೆಸರಿನ ಅರ್ಥ 'ನಟಾಲಿನ ಸೂರ್ಯ'. ಅದು ಮೊದಲು ಅಚ್ಚಾದದ್ದು 'ಇಂಡಿಯನ್ ಒಪಿನಿಯನ್' ಅಚ್ಚಾದ ಮುದ್ರಣಾಲಯದಲ್ಲೇ. ಡುಬೆ ಕಟ್ಟಿದ ಶಾಲೆ ಗಾಂಧೀಜಿಯ ಆಶ್ರಮದಿಂದ ಕೆಲವೇ ಮೈಲಿ ದೂರ. 1912ರಲ್ಲಿ ಡುಬೆ ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಎಂದು ಹೆಸರಾದ ಸಂಘಟನೆಯ ಮೊದಲ ಅಧ್ಯಕ್ಷರಾದರು. 1913ರಲ್ಲಿ ಬಂದ ಭೂಕಾಯ್ದೆ ಕಪ್ಪು ಜನರಿಗೆ ದೇಶದ ಭೂಮಿಯಲ್ಲಿ ನೂರಕ್ಕೆ ಸುಮಾರು ಏಳು ಪಾಲನ್ನಷ್ಟೇ ಬಿಟ್ಟಿತು. ಅದರ ವಿರುದ್ಧ ಡುಬೆ ಲಂಡನ್‌ವರೆಗೂ ಹೋಗಿ ಅಹವಾಲು ಹೇಳಿದರು.

ಇಷ್ಟು ಹತ್ತಿರದ ಎರಡು ಪತ್ರಿಕೆಗಳು ಒಂದಾಗಿ ಹೋರಾಡಲಿಲ್ಲ. ಡುಬೆಯನ್ನು ಮೆಚ್ಚಿ ಗಾಂಧೀಜಿ 1905ರಲ್ಲಿ ಬರೆದದ್ದುಂಟು. ಆದರೆ ಆ ವರ್ಷಗಳಲ್ಲಿ ಭಾರತೀಯರ ಹಕ್ಕು ಬೇರೆ, ಆಫ್ರಿಕನ್ನರ ಹಕ್ಕು ಬೇರೆ ಎಂಬ ಧಾಟಿ ಅವರ ಬರಹಗಳಲ್ಲಿತ್ತು. ಆಫ್ರಿಕನ್ನರ ಬಗ್ಗೆ ಕೀಳಾದ ಮಾತುಗಳೂ ಇದ್ದವು. ಇತ್ತ 'ಇಲಂಗಾ' ಬಳಗದಲ್ಲಿ ಭಾರತೀಯ ವ್ಯಾಪಾರಿಗಳ ಮೇಲೆ ಅಸಮಾಧಾನವಿತ್ತು. ಭಾರತದ ಪಠ್ಯಪುಸ್ತಕದಲ್ಲಿ ನಾವು ಓದಿದ ದಕ್ಷಿಣ ಆಫ್ರಿಕಾದಲ್ಲಿ ಆ ನೆಲದವರೇ ಕಾಣುವುದಿಲ್ಲ. ಪಕ್ಕದ ಪತ್ರಿಕೆ ತೆರೆದಾಗ ಅವರು ಕಾಣುತ್ತಾರೆ. 1994ರಲ್ಲಿ ನೆಲ್ಸನ್ ಮಂಡೇಲಾ ತಮ್ಮ ಜೀವನದ ಮೊದಲ ಮತವನ್ನು ಡುಬೆ ಕಟ್ಟಿದ ಅದೇ ಶಾಲೆಯಲ್ಲಿ ಹಾಕಿದರು.

ಮೊಬೈಲಿನಲ್ಲಿ ಹೇಗೆ ಓದುವುದು?

'ಚೆರೋಕಿ ಫೀನಿಕ್ಸ್' ಹಳೆಯ ಸಂಚಿಕೆಗಳು ಜಾರ್ಜಿಯಾದ ಡಿಜಿಟಲ್ ಗ್ರಂಥಾಲಯದಲ್ಲಿವೆ. 'ಫ್ರೀಡಮ್ಸ್ ಜರ್ನಲ್' ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯ ತಾಣದಲ್ಲಿದೆ. 'ಇಂಡಿಯನ್ ಒಪಿನಿಯನ್' ಸಾಬರಮತಿ ಆಶ್ರಮದವರ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. 'ಡಿಫೆಂಡರ್' 2019ರಲ್ಲಿ ಕಾಗದದ ಮುದ್ರಣ ನಿಲ್ಲಿಸಿ ವೆಬ್‌ಸೈಟಿಗೆ ಬಂತು. ಇಂಗ್ಲಿಷ್ ಕಷ್ಟವಾದರೆ ಅನುವಾದದ ಆ್ಯಪ್ ಸಾರವನ್ನಾದರೂ ತಿಳಿಸುತ್ತದೆ. ತಪ್ಪು ಇರುತ್ತದೆ ಎಂಬ ಎಚ್ಚರವಿರಲಿ.

ನಾವು ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಈ ಪತ್ರಿಕೆಗೆ ದುಡ್ಡು ಯಾರದು? ಇದರಲ್ಲಿ ಯಾರ ಮಾತು ಬಂದಿಲ್ಲ? ಇದೇ ಸುದ್ದಿಯನ್ನು ನೆರೆಯ ಸಮುದಾಯದ ಪತ್ರಿಕೆ ಹೇಗೆ ಬರೆದಿದೆ? ಇಂದು ಗಾಜಾ, ಉಕ್ರೇನ್, ಮಣಿಪುರದ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗಲೂ ಈ ಮೂರು ಪ್ರಶ್ನೆ ಸಾಕು.

ಲಿಪಿಯ ವಿಷಯವನ್ನೂ ಮರೆಯಬಾರದು. ಸಿಕ್ವೋಯಾ ಮಾಡಿದ ಅಕ್ಷರಗಳು 1999ರಲ್ಲಿ ಯೂನಿಕೋಡ್‌ಗೆ ಸೇರಿದವು, 2010ರಿಂದ ಐಫೋನಿನಲ್ಲೂ ಬಂದವು. ಆದರೆ ಟಾಲೆಕ್ವಾದ ಚೆರೋಕಿ ನೇಷನ್‌ನ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರಲ್ಲಿ ಭಾಷೆಯನ್ನು ಸರಾಗವಾಗಿ ಆಡುವವರು ತೀರಾ ಕಡಿಮೆ. ಫೋನಿನಲ್ಲಿ ಅಕ್ಷರ ಇದ್ದ ಮಾತ್ರಕ್ಕೆ ಮನೆಯಲ್ಲಿ ಮಾತು ಉಳಿಯುವುದಿಲ್ಲ.

ನಮ್ಮ ಅಟ್ಟದ ಮೇಲಿನ ಪತ್ರಿಕೆಗಳು

ಇಂಥ ಪತ್ರಿಕೆಗಳು ನಮ್ಮವರಲ್ಲೂ ಇವೆ. ಕನ್ನಡ ಲಿಪಿಯಲ್ಲಿ ಕೊಂಕಣಿ ಅಚ್ಚು ಹಾಕುವ 'ರಾಕ್ಣೊ' ವಾರಪತ್ರಿಕೆ 1938ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ಕರಾವಳಿಯಿಂದ ಮುಂಬಯಿಗೆ ಹೋದ ಮೊಗವೀರರು ಅಲ್ಲಿಂದ 'ಮೊಗವೀರ' ಮಾಸಿಕ ನಡೆಸಿದರು. ಶಿಕಾರಿಪುರ ಹರಿಹರೇಶ್ವರ ಅಮೆರಿಕದಲ್ಲಿದ್ದಾಗ 'ಅಮೆರಿಕನ್ನಡ' ತಂದರು. ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ 'ಪರಿ' ತಾಣದಲ್ಲಿ ದೇಶದ ಹಳ್ಳಿಗಳ ಸುದ್ದಿ ಕನ್ನಡದಲ್ಲೂ ಓದಲು ಸಿಗುತ್ತದೆ.

ಇವಲ್ಲದೆ ಹೆಸರೇ ಗೊತ್ತಿಲ್ಲದ ಎಷ್ಟೋ ಪತ್ರಿಕೆಗಳು ಇರುತ್ತವೆ. ನೇಕಾರರ ಸಂಘದ ಮಾಸಿಕ, ಗಿರಣಿ ಕಾರ್ಮಿಕರ ಕರಪತ್ರ, ಅಣೆಕಟ್ಟಿಗೆ ಊರು ಮುಳುಗಿದವರು ತಂದ ನಾಲ್ಕು ಪುಟ, ತಾಲೂಕಿನಲ್ಲಿ ಎರಡು ವರ್ಷ ನಡೆದು ನಿಂತ ವಾರಪತ್ರಿಕೆ. ಅಮೆರಿಕದ ಆ ಪತ್ರಿಕೆಗಳನ್ನು ನಾವು ಇಂದು ಓದುತ್ತಿರುವುದು ಯಾರೋ ಅವನ್ನು ಕಟ್ಟಿ ಇಟ್ಟಿದ್ದಕ್ಕೆ. ನಮ್ಮವು ಕೆಜಿ ಲೆಕ್ಕದಲ್ಲಿ ರದ್ದಿಗೆ ಹೋಗುತ್ತಿವೆ.

ಈ ಯುಗಾದಿಗೆ ಅಟ್ಟ ಗುಡಿಸುವಾಗ ಅಂಥದ್ದೇನಾದರೂ ಸಿಕ್ಕರೆ ರದ್ದಿಯವನಿಗೆ ಹಾಕುವ ಮುನ್ನ ಬಿಸಿಲಿಗೆ ಹಿಡಿದು ಪುಟಪುಟವೂ ಫೋಟೊ ತೆಗೆಯಿರಿ. ಪತ್ರಿಕೆಯ ಹೆಸರು, ತಾರೀಖು, ಊರು ಕಾಣುವ ಹಾಗಿರಲಿ. ನಮಗೆ ಕಳಿಸಿ. ಅದರಲ್ಲಿ ಯಾರು ಇರೋಣ ಎಂದರು, ಯಾರು ಹೊರಡೋಣ ಎಂದರು ಎಂಬುದನ್ನು ಮುಂದಿನ ಬರಹದಲ್ಲಿ ಒಟ್ಟಿಗೆ ಓದೋಣ.